ಬಾಕಿ ವಂತಿಗೆಗೆ ಬಣ್ಣದ ಸಾಲು

ಮುಂಬಯಿ: ವಾರ್ಷಿಕ ಮಹಾಸಭೆ ಸಮೀಪಿಸಿದಂತೆ ಸಂಘಗಳ ಗೌರವ ಕೋಶಾಧಿಕಾರಿಗಳು ವಂತಿಗೆ ಪಟ್ಟಿಯ ಮುಂದೆ ಕೂರುತ್ತಾರೆ. ಬಾಕಿ ಇರುವ ಸದಸ್ಯರ ಸಾಲಿಗೆ ಎಕ್ಸೆಲ್‌ನಲ್ಲಿ ಕೈಯಾರೆ ಹಳದಿ ಬಣ್ಣ ಹಾಕುವುದು ಹಲವರ ರೂಢಿ. ತೊಂದರೆ ಇರುವುದೇ ಅಲ್ಲಿ. ಸದಸ್ಯರು ಹಣ ಕಟ್ಟಿದರೂ ಆ ಬಣ್ಣ ತಾನಾಗಿ ಅಳಿಯದು. ವಂತಿಗೆ ಸಲ್ಲಿಸಿದ ಹಿರಿಯರೊಬ್ಬರಿಗೆ ಬಾಕಿ ಪತ್ರ ಹೋದರೆ ಮಹಾಸಭೆಯಲ್ಲಿ ಉತ್ತರಿಸುವವರು ಯಾರು?

ಈ ಕೆಲಸವನ್ನು 'ಕಂಡಿಷನಲ್ ಫಾರ್ಮ್ಯಾಟಿಂಗ್'ಗೆ ವಹಿಸಬಹುದು. ಬಾಕಿ ಮೊತ್ತ ಎಫ್ ಕಾಲಂನಲ್ಲಿದೆ ಎನ್ನೋಣ. ಮೊದಲು ಹಳೆಯ ಕೈಬಣ್ಣವನ್ನೆಲ್ಲ ತೆಗೆಯಬೇಕು. ಬಳಿಕ ಶೀರ್ಷಿಕೆ ಬಿಟ್ಟು ಎ2ರಿಂದ ಪಟ್ಟಿಯ ಕೊನೆಯವರೆಗೆ ಆಯ್ದು, ಹೋಮ್‌ನಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್, ನ್ಯೂ ರೂಲ್ ಒತ್ತಿ, ಸೂತ್ರ ಬರೆಯುವ ಆಯ್ಕೆಯಲ್ಲಿ =$ಎಫ್2>0 ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬಣ್ಣ ಆರಿಸಿದರಾಯಿತು. ಡಾಲರ್ ಚಿಹ್ನೆ ಮರೆಯಬಾರದು. ಅದಿದ್ದರೆ ಸಾಲಿನ ಪ್ರತಿ ಮನೆಯೂ ಎಫ್ ಕಾಲಂ ಅನ್ನೇ ನೋಡಿ ಇಡೀ ಸಾಲು ಬಣ್ಣಗೊಳ್ಳುತ್ತದೆ. ಆದರೆ 2ರ ಹಿಂದೆಯೂ ಡಾಲರ್ ಹಾಕಿದರೆ ಎಲ್ಲರ ಹಣೆಬರಹವೂ ಮೊದಲ ಸದಸ್ಯರದ್ದೇ!

ಬಾಕಿ ಕಾಲಂನಲ್ಲಿ 'ಪಾವತಿ' ಎಂದು ಬರೆಯುವವರಿದ್ದಾರೆ. ಎಕ್ಸೆಲ್ ಲೆಕ್ಕದಲ್ಲಿ ಅಕ್ಷರವು ಯಾವ ಅಂಕಿಗಿಂತಲೂ ದೊಡ್ಡದು, ಹಾಗಾಗಿ ಹಣ ಕಟ್ಟಿದವರೂ ಬಾಕಿದಾರರ ಬಣ್ಣದಲ್ಲೇ ಕಾಣುತ್ತಾರೆ. ಅಲ್ಲಿ ಸೊನ್ನೆಯೇ ಇರಬೇಕು. ನಿಗದಿತ ವಂತಿಗೆಯಿಂದ ಕಟ್ಟಿದ ಮೊತ್ತ ಕಳೆಯುವ ಸೂತ್ರವನ್ನೇ ಎಫ್‌ನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ರಸೀದಿಯ ಮೊತ್ತ ನಮೂದಿಸಿದ ಕೂಡಲೇ ಬಣ್ಣ ಹೋಗುತ್ತದೆ.

ಎಕ್ಸೆಲ್ 2003ರವರೆಗೆ ಇಂತಹ ಷರತ್ತು ಮೂರೇ ಇತ್ತು. 2007ರ ಆವೃತ್ತಿಯಿಂದ ಆ ಮಿತಿ ಇಲ್ಲ. ಒಂದು ವರ್ಷದ ಬಾಕಿಗೆ ಹಳದಿ, ಹೆಚ್ಚಿನದಕ್ಕೆ ಕೆಂಪು ಇಡಬಹುದು. ಬಣ್ಣದ ಪ್ರಕಾರ ಫಿಲ್ಟರ್ ಮಾಡಿದರೆ ಪತ್ರ ಕಳುಹಿಸಬೇಕಾದವರ ಹೆಸರಷ್ಟೇ ಉಳಿಯುತ್ತದೆ.