ತಕ್ಕಡಿಯಲ್ಲಿ ಕುದುರೆ

ಮಧ್ಯಯುಗದ ಕಾಳಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಆಡುವವರ ನಡುವೆ ಇನ್ನೂ ಇತ್ಯರ್ಥವಾಗದ ಒಂದು ವ್ಯಾಜ್ಯವಿದೆ. ಅಶ್ವದಳ ಬೇರೆಲ್ಲ ಪಡೆಗಳನ್ನೂ ಮೀರಿ ಬಲಿಷ್ಠವಾಗಿಬಿಡುತ್ತದೆ, ಅದನ್ನು ಹದಕ್ಕೆ ತರುವುದು ಹೇಗೆ ಎಂಬುದು. 1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2’ ಇದಕ್ಕೆ ಕೊಟ್ಟ ಉತ್ತರ ಅಂಕಗಣಿತದ್ದು. ಕವಚ ತೊಟ್ಟ ಸವಾರನೊಬ್ಬನಿಗೆ 60 ಆಹಾರ, 75 ಚಿನ್ನ ತೆರಬೇಕು. ಭರ್ಜಿ ಹಿಡಿದ ಕಾಲಾಳಿಗೆ 35 ಆಹಾರ, 25 ಮರ ಸಾಕು. ಮೇಲಾಗಿ, ಕುದುರೆಯ ಎದುರು ಅವನ ಏಟಿಗೆ ಹೆಚ್ಚುವರಿ ಬಲವುಂಟು. ಲೆಕ್ಕದಲ್ಲಿ ತಕ್ಕಡಿ ಸಮವೇ. ಆದರೆ ಕುದುರೆಯ ನಿಜವಾದ ಆಯುಧ ಕತ್ತಿಯಲ್ಲ, ವೇಗ. ಯಾವಾಗ ಎರಗಬೇಕು, ಯಾವಾಗ ಜಾರಿಕೊಳ್ಳಬೇಕು ಎಂಬ ಆಯ್ಕೆ ಸವಾರನದು. ಕಾಲಾಳಿಗೆ ಆ ಭಾಗ್ಯವಿಲ್ಲ.

ಈ ಆಯ್ಕೆಗೆ ವಿವೇಚನೆ ಬೇಕು. ಕಂಪ್ಯೂಟರ್ ನಡೆಸುವ ಸೈನ್ಯ ಮುಗ್ಗರಿಸುವುದು ಇಲ್ಲಿಯೇ. ಆಮಿಷವಾಗಿ ಒಬ್ಬಿಬ್ಬರು ಸವಾರರನ್ನು ತೋರಿಸಿದರೆ ಬೆನ್ನಟ್ಟಿ ಬಂದು ಭರ್ಜಿಗಳ ಸಾಲಿಗೆ ಬೀಳುವ ದಂಡುಗಳನ್ನು ಆಡುವವರೆಲ್ಲ ಕಂಡಿದ್ದಾರೆ. ಈ ಮಂಕುತನವನ್ನು ಮುಚ್ಚಲು ಮೂಲ ಆವೃತ್ತಿಯ ಅತಿ ಕಠಿಣ ಹಂತದಲ್ಲಿ ಕಂಪ್ಯೂಟರಿಗೆ ಪುಕ್ಕಟೆ ಸಂಪನ್ಮೂಲ ಒದಗಿಸಲಾಗುತ್ತಿತ್ತು. 2019ರ ಪರಿಷ್ಕೃತ ಆವೃತ್ತಿ ಈ ವಿಷಯದಲ್ಲಿ ಎಷ್ಟೋ ಪ್ರಾಮಾಣಿಕ.

ನನ್ನ ಆಕ್ಷೇಪ ಬೇರೆಯದು. 2022ರಲ್ಲಿ ಈ ಆಟಕ್ಕೆ ಸೇರಿದ ‘ದ್ರಾವಿಡರಿಗೆ’ ಭಾರೀ ಅಶ್ವದಳವನ್ನು ಕೊಟ್ಟಿಲ್ಲ; ಆನೆ, ಕಾಲಾಳು, ಹಡಗುಗಳೇ ಅವರ ಆಸರೆ. ನಿರ್ಧಾರ ಸರಿ. ಆದರೆ ಕಾರಣವನ್ನು ಆಟ ತೋರಿಸುವುದಿಲ್ಲ. ದಕ್ಷಿಣದ ಅರಸರಿಗೆ ಒಳ್ಳೆಯ ಕುದುರೆ ಲಾಯದಲ್ಲಿ ಹುಟ್ಟುತ್ತಿರಲಿಲ್ಲ, ಸಮುದ್ರ ದಾಟಿ ಬರುತ್ತಿತ್ತು. ವಿಜಯನಗರದ ದೊರೆ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ತೆರುತ್ತಿದ್ದನಂತೆ! ಅಶ್ವದಳದ ಸಮತೋಲವಿದ್ದದ್ದು ಈ ಬಾಲದಲ್ಲಿ. ಆಟದಲ್ಲಿ ಗುಂಡಿ ಒತ್ತಿದರೆ ಲಾಯದಿಂದ ಕುದುರೆ ಹೊರಬರುತ್ತದೆ.

ಇನ್ನು ನೆಲದ ಮಾತು. ಬಂಟ್ವಾಳದಲ್ಲಿ ಮಳೆಗಾಲದ ನೇತ್ರಾವತಿಯನ್ನು ಕಂಡವರಿಗೆ, ಈ ಸೀಮೆಯ ಕಂಬಳದ ಗದ್ದೆಗೆ ಇಳಿದವರಿಗೆ, ಇಲ್ಲಿ ಓಡುವ ಪ್ರಾಣಿ ಕೋಣವೇ ಏಕೆಂದು ವಿವರಿಸಬೇಕಾಗಿಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ಕವಚ ಹೊತ್ತ ಕುದುರೆ ಏನು ಮಾಡೀತು? ಮೂಡುಬಿದಿರೆಯ ಚೌಟರ ಅರಮನೆಯ ಮರದ ಕೆತ್ತನೆಯಲ್ಲಿ ಒಂದು ಕುದುರೆಯಿದೆ, ಪಂಚನಾರೀ ತುರಗ. ಐವರು ಹೆಂಗಸರ ಮೈಗಳನ್ನು ಹೆಣೆದು ಮಾಡಿದ ಕುದುರೆ ಅದು. ಶಿಲ್ಪಿಯ ಕಲ್ಪನೆ ದೊಡ್ಡದೇ. ರಣರಂಗಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಈ ಆಟಗಳಿಂದಲೇ ಯುದ್ಧವೆಂದರೇನೆಂದು ತಿಳಿಯುವ ಮಕ್ಕಳು ಯುರೋಪಿನ ಬಯಲನ್ನೇ ಜಗತ್ತಿನ ನೆಲವೆಂದು ನಂಬಿಬಿಡುವುದು ಸುಲಭ. ಹಾಗೆಂದು ಆಟವನ್ನು ಬಿಡಿಸಬೇಕಾಗಿಲ್ಲ. ಹೊಸ ಭೂಪಟ ರಚಿಸುವ ಸೌಲಭ್ಯವೂ ಇದರಲ್ಲಿದೆ. ಬೆಳ್ತಂಗಡಿ ಬಳಿಯ ಗಡಾಯಿಕಲ್ಲನ್ನು, ಅಂದರೆ ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆಯನ್ನು, ಅದರ ಇಕ್ಕಟ್ಟಾದ ಕಡಿದು ಮೆಟ್ಟಿಲುಗಳ ಸಮೇತ ಮಕ್ಕಳೇ ಪರದೆಯ ಮೇಲೆ ಮೂಡಿಸಲಿ. ಕಂಪ್ಯೂಟರಿಗೆ ಬೇಕಾದರೆ ನೂರು ಸವಾರರನ್ನು ಧಾರಾಳವಾಗಿ ಕೊಡಲಿ. ಕೋಟೆ ಕಾಯಲು ಹತ್ತು ಭರ್ಜಿಗಳು ಸಾಕಾಗುತ್ತವೆಯೋ ಇಲ್ಲವೋ ಆಡಿಯೇ ನೋಡಲಿ.