ಲಾಮಾ ಕ್ಯಾಂಪಿನಲ್ಲಿ ಒಂದು ರಾತ್ರಿ ತಂಗಿ

ಇಂದೂರ, ಮುಂಡಗೋಡ ಸುತ್ತಿನವರಿಗೆ ಕೆಂಪು ನಿಲುವಂಗಿಯ ಲಾಮಾಗಳು ಹೊಸಬರಲ್ಲ. ಸಂತೆಯಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ದಿನವೂ ಕಾಣುವವರು. ಆದರೆ ಅವರ ಮಠದಲ್ಲಿ ಒಂದು ರಾತ್ರಿ ತಂಗಿ ಬಂದವರು ನಮ್ಮಲ್ಲಿ ಕಡಿಮೆ. ರಜೆಯ ದಿನ ಹೋಗಿ, ಬುದ್ಧನಿಗೆ ಕೈಮುಗಿದು, ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಹೊತ್ತು ಮುಳುಗುವುದರೊಳಗೆ ಮನೆ ಸೇರುವುದೇ ರೂಢಿ. ನೋಡಬೇಕಾದದ್ದು ಶುರುವಾಗುವುದೇ ಆಮೇಲೆ.

ಜಪಾನಿನಲ್ಲಿ ರ್ಯೋಕಾನ್ ಎಂಬ ಹಳೆಯ ತಂಗುಮನೆಗಳಿವೆ. ಯಾಮಾನಾಶಿ ಪ್ರಾಂತದ ಕೇಉನ್‌ಕಾನ್ ಕ್ರಿ.ಶ. 705ರಲ್ಲಿ ಶುರುವಾದದ್ದೆಂದು ಹೆಸರಾಗಿದೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಮೈ ತೊಳೆದುಕೊಂಡೇ ಬಿಸಿನೀರಿನ ಕೊಳಕ್ಕಿಳಿಯಬೇಕು, ಮನೆಯವರು ಇಟ್ಟ ಹೊತ್ತಿಗೆ ಉಣ್ಣಬೇಕು, ಚಾಪೆಯ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗಬೇಕು. ಕೋಯಾ ಪರ್ವತದ ಬೌದ್ಧ ಮಠಗಳಲ್ಲಿ ಐವತ್ತರಷ್ಟು ಇದೇ ಬಗೆಯ ವಸತಿ ಕೊಡುತ್ತವೆ. ಅಲ್ಲಿ ಊಟ ಅಪ್ಪಟ ಸಸ್ಯಾಹಾರ, ಬೆಳಗಿನ ಪ್ರಾರ್ಥನೆಗೆ ಅತಿಥಿಗೂ ಜಾಗ. ಅತಿಥಿಗಾಗಿ ಮನೆಯ ದಿನಚರಿ ಬದಲಾಗುವುದಿಲ್ಲ, ಅತಿಥಿಯೇ ಅದಕ್ಕೆ ಹೊಂದಿಕೊಳ್ಳುತ್ತಾನೆ. ಇಂಥ ವಸತಿಯ ಸುಖವೆಲ್ಲ ಇರುವುದು ಇದರಲ್ಲೇ ಎಂದು ನನ್ನ ನಂಬಿಕೆ. ಅದಕ್ಕಾಗಿ ಜಪಾನಿಗೇ ಹೋಗಬೇಕಿಲ್ಲ, ಮುಂಡಗೋಡದ ಮಠಗಳಿಗೆ ಹೋದರೆ ಸಾಕು.

ಈ ಮಠಗಳ ಮೂಲ ಟಿಬೆಟ್. ಅಲ್ಲಿನ ಲಾಸಾ ಸಮೀಪ 1409ರಲ್ಲಿ ಗಾಡೆನ್, 1416ರಲ್ಲಿ ಡ್ರೆಪುಂಗ್ ಮಠ ಸ್ಥಾಪನೆಯಾದವು. 1959ರಲ್ಲಿ ದೇಶ ಬಿಟ್ಟು ಬಂದ ಭಿಕ್ಷುಗಳು ಹತ್ತು ವರ್ಷದ ಹತ್ತಿರ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೆಯ ಬಂದೀಖಾನೆಯಲ್ಲಿ ಇದ್ದರು. ಕ್ಷಯರೋಗಕ್ಕೆ ಅನೇಕರು ಅಲ್ಲೇ ತೀರಿಕೊಂಡರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದ ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ 1966ರಲ್ಲಿ ಮುಂಡಗೋಡದ ಟಿಬೆಟನ್ ಕ್ಯಾಂಪ್ ಶುರುವಾಯಿತು. 1969ರಲ್ಲಿ ಎರಡೂ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಕಾಡು ಕಡಿದು ಹೊಲ ಮಾಡಿ ಗೋವಿನಜೋಳ ಬಿತ್ತಿದವರಲ್ಲಿ ಪಂಡಿತ ಭಿಕ್ಷುಗಳೂ ಇದ್ದರು. ಗಾಡೆನ್ ಇರುವುದು ಒಂದನೇ ಲಾಮಾ ಕ್ಯಾಂಪಿನಲ್ಲಿ, ಡ್ರೆಪುಂಗ್ ಎರಡನೆಯದರಲ್ಲಿ. ಲಡಾಖ್, ಅರುಣಾಚಲದಿಂದ ಮಕ್ಕಳನ್ನು ಕಾಣಲು ಬರುವ ತಂದೆತಾಯಿಗಳು, ಪ್ರವಚನಕ್ಕೆ ಬರುವ ಭಕ್ತರು ಉಳಿಯುವುದು ಮಠಗಳೇ ನಡೆಸುವ ಗೆಸ್ಟ್ ಹೌಸ್‌ಗಳಲ್ಲಿ. ಕೋಣೆ ಸಾದಾ. ಮಂಚ, ಕಂಬಳಿ, ಬಚ್ಚಲು ಇದ್ದರೆ ಆಯಿತು.

ಸಂಜೆ ಮಠದ ಅಂಗಳಕ್ಕೆ ಹೋಗಿ ಕೂತರೆ ತರ್ಕದ ವಾದ ನೋಡಬಹುದು. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನೆ ಕೇಳುವವನು ಎದುರಿಗೆ ನಿಂತಿರುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ಅವನ ಬಲಗೈ ತಲೆಯ ಮೇಲಿಂದ ಬೀಸಿ ಬಂದು ಎಡಗೈಗೆ ಬಡಿಯುತ್ತದೆ, ಅದೇ ಕ್ಷಣಕ್ಕೆ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ. ಇಂಥ ಹಲವು ಜೋಡಿಗಳು ಒಟ್ಟಿಗೇ ವಾದಕ್ಕಿಳಿದರೆ ಅಂಗಳವೆಲ್ಲ ಚಪ್ಪಾಳೆ, ಕೂಗು. ಮೊದಲ ಸಲ ನೋಡುವವರಿಗೆ ಜಗಳವೆಂದೇ ತೋರಬಹುದು. ಸೋತವನು ನಗುವುದನ್ನು ಕಂಡಾಗ ಅನುಮಾನ ಹೋಗುತ್ತದೆ. ಈ ತರ್ಕಕ್ಕೆ ಬೇರು ನಮ್ಮದೇ ನಾಲಂದೆಯ ಪರಂಪರೆ, ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಪ್ರಮಾಣಶಾಸ್ತ್ರ. ಇಲ್ಲಿಂದ ಹಿಮಾಲಯ ದಾಟಿ ಹೋದ ವಿದ್ಯೆ ಮರಳಿ ಬಂದು ಮುಂಡಗೋಡದಲ್ಲಿ ದಿನನಿತ್ಯ ಅಭ್ಯಾಸದಲ್ಲಿದೆ. ಗೆಶೆ ಎಂಬ ಪಂಡಿತ ಪದವಿ ಪಡೆಯಲು ಹದಿನೈದು-ಇಪ್ಪತ್ತು ವರ್ಷ ಓದಬೇಕು. ಮನೆಯ ಹತ್ತಿರವೇ ಇಷ್ಟು ದೊಡ್ಡ ವಿದ್ಯಾಪೀಠ ಇಟ್ಟುಕೊಂಡು ನಾವು ಮೊಮೊಗೆ ಮಾತ್ರ ಹೋಗಿಬರುತ್ತೇವೆ ಎಂಬುದು ನನಗೆ ಬೇಸರದ ಸಂಗತಿ.

ರಾತ್ರಿಗೆ ಬಿಸಿ ಥುಕ್ಪಾ ಎಂಬ ನೂಡಲ್ಸ್ ಸಾರು, ಹಬೆಯಲ್ಲಿ ಬೇಯಿಸಿದ ತಿಂಗ್ಮೊ ಎಂಬ ಬನ್ನು ಸಾಕು. ಮುಂಜಾನೆ ಪ್ರಾರ್ಥನೆಯಿದ್ದರೆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂಡಬಹುದು, ಕೇಳಿಕೊಂಡು ಹೋಗುವುದು ಒಳ್ಳೆಯದು. ನಡುವೆ ಎಳೆಯ ಭಿಕ್ಷುಗಳು ದೊಡ್ಡ ಕೆಟಲ್ ಹಿಡಿದು ಸಾಲುಸಾಲಿಗೂ ಉಪ್ಪು-ಬೆಣ್ಣೆಯ ಚಹಾ ಬಗ್ಗಿಸುತ್ತ ಓಡುತ್ತಾರೆ. ಅದನ್ನು ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡು ಕುಡಿದರೆ ರುಚಿಸುತ್ತದೆ.

ಹುಬ್ಬಳ್ಳಿಯಿಂದ ತಡಸ ಮಾರ್ಗವಾಗಿ ಮುಂಡಗೋಡಕ್ಕೆ ಬಸ್ಸಿದೆ, ಅಲ್ಲಿಂದ ಕ್ಯಾಂಪಿಗೆ ಆಟೊ. ಭಾರತೀಯರಿಗೆ ಪರವಾನಗಿ ಬೇಡ. ವಿದೇಶಿಯರು ಉಳಿಯಬೇಕಾದರೆ ಕೇಂದ್ರ ಗೃಹ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಫೆಬ್ರುವರಿ-ಮಾರ್ಚಿನ ಲೋಸರ್ ಎಂಬ ಹೊಸವರ್ಷದ ಹಬ್ಬಕ್ಕೆ, ದಲೈ ಲಾಮಾ ಬರುವ ದಿನಗಳಿಗೆ ಕೋಣೆ ಸಿಗುವುದು ಕಷ್ಟ. ಉಳಿದ ದಿನಗಳಲ್ಲಿ ಫೋನ್ ಮಾಡಿ ವಿಚಾರಿಸಿ ಹೊರಡಿ, ಮಧ್ಯಾಹ್ನದ ಬಸ್ಸಿಗೇ ಹೊರಡಿ. ಸಂಜೆಯ ವಾದ ತಪ್ಪಿಸಿಕೊಳ್ಳಬೇಡಿ.