ಸೆನ್ಸರ್‌ಗೆ ಓಝರ್‌ನ ಚಳಿ ಗೊತ್ತಿರಬೇಕು

ನಾಸಿಕದ ಬಳಿಯ ಓಝರ್‌ನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಗೇಜುಗಳನ್ನು ತಾಳೆ ನೋಡುವುದೇ ನನ್ನ ಕೆಲಸವಾಗಿತ್ತು. ಮಿಗ್ ಹೋಗಿ ಸುಖೋಯ್ ಬಂದರೂ ನಿಯಮ ಬದಲಾಗಲಿಲ್ಲ. ಪ್ರತಿ ಗೇಜಿನ ಮೇಲೂ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇರಬೇಕು. ಅದರ ಮೇಲಿನ ತಾರೀಖು ದಾಟಿದ್ದರೆ ಆ ಗೇಜನ್ನು ಮುಟ್ಟುವಂತಿಲ್ಲ. ನಿವೃತ್ತನಾಗಿ ಇಲ್ಲೇ ನೆಲೆನಿಂತ ನನಗೆ ಬೆಂಗಳೂರಿನಲ್ಲಿರುವ ಮಗಳು ಸ್ಮಾರ್ಟ್‌ವಾಚ್ ತಂದು ಕಟ್ಟಿದಳು. ನಾಡಿ, ನಿದ್ದೆ, ಹೆಜ್ಜೆ, ರಕ್ತದ ಆಮ್ಲಜನಕ ಎಲ್ಲವನ್ನೂ ಅದು ಹೇಳುತ್ತದೆ. "ಇದನ್ನ ಯಾರ ಮೈಮೇಲೆ ತಾಳೆ ನೋಡಿದಾರಮ್ಮ?" ಎಂದು ಕೇಳಿದೆ.

ವಾಚಿನ ಬೆನ್ನಿಗಿರುವ ಹಸಿರು ದೀಪದ ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಎದೆ ಬಡಿದಾಗಲೆಲ್ಲ ಚರ್ಮದಡಿ ರಕ್ತ ಉಕ್ಕಿ, ಮರಳಿ ಬರುವ ಬೆಳಕು ಕೊಂಚ ಕುಂದುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ. ಆಮ್ಲಜನಕ ಅಳೆಯಲು ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೇಕು. ತೊಡಕಿರುವುದು ಇಲ್ಲೇ. ಚರ್ಮದ ಬಣ್ಣವೂ ಬೆಳಕು ಹೀರುತ್ತದೆ. 2020ರಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಬಗೆಯ ಬೆಳಕಿನಿಂದ ಅಳೆಯುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಗುರುತಿಸದೆ ಬಿಟ್ಟಿತ್ತು. ಬೆರಳು ತಣ್ಣಗಿದ್ದರೂ, ಉಗುರಿಗೆ ಬಣ್ಣ ಹಚ್ಚಿದ್ದರೂ ಅಂಕಿ ತಪ್ಪಬಹುದು. ನಮ್ಮ ನಿಫಾಡ್ ತಾಲೂಕಿನ ಚಳಿ ಮಹಾರಾಷ್ಟ್ರಕ್ಕೆಲ್ಲ ಗೊತ್ತು. ಡಿಸೆಂಬರ್ ಬೆಳಗಿನಲ್ಲಿ ದ್ರಾಕ್ಷಿ ತೋಟಕ್ಕೆ ಹೋಗುವ ಹೆಂಗಸರ ಬೆರಳುಗಳು ಮಂಜುಗಡ್ಡೆಯಂತಿರುತ್ತವೆ. ಅವರ ಕೈಗೆ ವಾಚು ಕಟ್ಟಿದರೆ, ಗೊನೆ ಕತ್ತರಿಸುವ ಕೈಯ ಆಟವನ್ನು ಅದು ನಡಿಗೆಯೆಂದು ಎಣಿಸೀತು. ಕ್ರೇಟು ಹಿಡಿದು ನಡೆಯುವಾಗ ಕೈ ಅಲುಗದ್ದರಿಂದ ನಿಜವಾದ ನಡಿಗೆಯನ್ನೇ ಬಿಟ್ಟೀತು.

ಸಂಶೋಧಕರ ಸಾಹಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. 2013ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಆಂಡ್ರ್ಯೂ ಕ್ಯಾಂಪ್‌ಬೆಲ್ ಅವರ ತಂಡ 48 ವಿದ್ಯಾರ್ಥಿಗಳ ಫೋನುಗಳನ್ನು 10 ವಾರ ಗಮನಿಸಿ, ನಿದ್ದೆ, ಓಡಾಟ, ಮಾತುಕತೆಗಳಿಗೂ ಮನಸ್ಸಿನ ಒತ್ತಡಕ್ಕೂ ಇರುವ ನಂಟು ತೋರಿಸಿತು. ಆದರೆ ಅವರು ಕಾಲೇಜು ಹುಡುಗರು, ಒಬ್ಬೊಬ್ಬರ ಕೈಯಲ್ಲೂ ಫೋನು. ಇಲ್ಲಿ ಮನೆಗೊಂದು ಫೋನು ಅತ್ತೆ, ಸೊಸೆ, ಮೊಮ್ಮಗನ ನಡುವೆ ಓಡಾಡುತ್ತದೆ. ಅದು ಹೇಳುವ ನಿದ್ದೆ ಯಾರದು?

ಊರಲ್ಲೇ ತಾಳೆ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ನಾಸಿಕದಲ್ಲೇ ಉದಾಹರಣೆಯಿದೆ. 2003ರ ಕುಂಭಮೇಳದ ಕಾಲ್ತುಳಿತದಲ್ಲಿ 39 ಜನ ಸತ್ತರು. 2015ರ ಮೇಳಕ್ಕೆ ಮುಂಚೆ, ನಾಸಿಕದಲ್ಲೇ ಬೆಳೆದ ಎಂಐಟಿ ಮೀಡಿಯಾ ಲ್ಯಾಬ್‌ನ ರಮೇಶ್ ರಾಸ್ಕರ್ 'ಕುಂಭಥಾನ್' ನಡೆಸಿ ಊರಿನ ಹುಡುಗರನ್ನು ಕೂಡಿಸಿದರು. ಅವರಲ್ಲಿ ಶಾಲಾ ವಿದ್ಯಾರ್ಥಿ ನೀಲಯ್ ಕುಲಕರ್ಣಿ ಮತ್ತು ಗೆಳೆಯರು 'ಅಶಿಯೋತೊ' ಎಂಬ ಚಾಪೆ ಮಾಡಿದರು. ತುಳಿದರೆ ಒತ್ತಡದ ಸೆನ್ಸರ್ ಎಣಿಸುತ್ತದೆ, ಲೆಕ್ಕ ಅಲ್ಲಿಂದ ಹೊರಗೆ ಹೋಗುತ್ತದೆ. ಮೇಳದಲ್ಲಿ 18 ಗಂಟೆಗಳಲ್ಲಿ ಅದು ಸುಮಾರು 5 ಲಕ್ಷ ಜನರನ್ನು ಎಣಿಸಿತು. ಮುಖ ಬೇಡ, ಹೆಸರು ಬೇಡ, ಫೋನೂ ಬೇಡ, ಹೆಜ್ಜೆಯಿದ್ದರೆ ಸಾಕು. ಆ ಸಲ ಕಾಲ್ತುಳಿತವಾಗಲಿಲ್ಲ. ಚಾಪೆಯೊಂದೇ ಅದಕ್ಕೆ ಕಾರಣ ಎನ್ನಲಾರೆ, ಪೊಲೀಸರ ದುಡಿಮೆಯೂ ದೊಡ್ಡದು.

ಅದೇ ಮೇಳದಲ್ಲಿ ಹಾರ್ವರ್ಡ್‌ನ ಡಾ. ಸಚಿತ್ ಬಲ್ಸಾರಿ ಅವರ ಬಳಗ, ದವಾಖಾನೆಗಳ ರೋಗಿಗಳ ವಿವರವನ್ನು ಟ್ಯಾಬ್ಲೆಟ್‌ಗೆ ಏರಿಸುವ ವ್ಯವಸ್ಥೆ ಮಾಡಿತ್ತು. ಭೇದಿ, ಜ್ವರ ಎಲ್ಲಿ ಏರುತ್ತಿದೆಯೆಂದು ಬೇಗ ಗೊತ್ತಾಗಲೆಂದು. 2013ರಲ್ಲಿ ಪ್ರಯಾಗದ ಕುಂಭದಲ್ಲಿ ನಡೆಸಿದ್ದ ಪ್ರಯೋಗದ ಮುಂದುವರಿಕೆ ಅದು. ಇಲ್ಲಿ ಯಂತ್ರ ವೈದ್ಯರ ಜಾಗದಲ್ಲಿ ಕೂರಲಿಲ್ಲ, ಪಕ್ಕದಲ್ಲಿ ಕೂತಿತು.

2027ರಲ್ಲಿ ಮತ್ತೆ ಕುಂಭ. ಈ ಸಲ ಎಐ ಕ್ಯಾಮೆರಾ, ಆರೋಗ್ಯದ ಆಪ್ ಎಂದು ಬಹಳಷ್ಟು ಬರುತ್ತವೆ, ಬರಲಿ. ತರುವವರು ಒಂದು ಚಳಿಗಾಲ ಮೊದಲೇ ನಿಫಾಡ್‌ಗೆ ಬಂದು, ತೋಟದ ಹೆಂಗಸರ ಒಪ್ಪಿಗೆ ಪಡೆದು, ಅವರ ಬೆರಳಿನ ಅಂಕಿಯನ್ನು ಆಸ್ಪತ್ರೆಯ ರಕ್ತಪರೀಕ್ಷೆಯ ಜೊತೆ ತಾಳೆ ನೋಡಲಿ. ಎಷ್ಟು ತಪ್ಪಿತು ಎಂಬುದನ್ನು ಮರಾಠಿಯಲ್ಲಿ ಬರೆದು ಆಪಿನ ಮೊದಲ ಪುಟದಲ್ಲೇ ಹಾಕಲಿ.